ಉಸಿರಿನ ಕಣಗಳೂ ಒಂದು ಪಾಠದೋಷವೂ

ರೋಗವು ಉಸಿರಿನ ಮೂಲಕ ಹರಡುವುದೆಂಬ ವಿಚಾರವು ನೂತನವಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಜ್ವರಾದಿಗಳು ಸಂಕ್ರಮಿಸುವ ಮಾರ್ಗಗಳೊಳಗೆ ನಿಶ್ಶ್ವಾಸವೂ ಪರಿಗಣಿತವಾಗಿದೆ. ಆದರೆ ಅಮೆರಿಕದ ಚಾರ್ಲ್ಸ್ ಚಾಪಿನ್ ಎಂಬ ವೈದ್ಯನು 1910ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪ್ರಾಚೀನವಾದ ದುರ್ವಾಯುವಾದವನ್ನು ಖಂಡಿಸುವ ಭರದಲ್ಲಿ, ಸಂಸರ್ಗಕ್ಕೇ ಪ್ರಾಧಾನ್ಯವನ್ನು ಕೊಟ್ಟು ವಾಯುಸಂಕ್ರಮಣವನ್ನು ಗೌಣವೆಂದೆಣಿಸಿದನು.

1934ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿಲಿಯಂ ವೆಲ್ಸನು ಇದನ್ನು ಲೆಕ್ಕಹಾಕಿ ಪರೀಕ್ಷಿಸಿದನು. ಸುಮಾರು 100 ಮೈಕ್ರೋಮೀಟರಿಗಿಂತ ದೊಡ್ಡದಾದ ಎಂಜಲಹನಿಗಳು ಒಣಗುವುದಕ್ಕೆ ಮೊದಲೇ ನೆಲಕ್ಕೆ ಬೀಳುವುವು. ಚಿಕ್ಕವು ಒಣಗಿ ಕೊಠಡಿಯ ಗಾಳಿಯಲ್ಲಿ ತೇಲುತ್ತಿರುವುವು. 1941ರಲ್ಲಿ ಫಿಲಡೆಲ್ಫಿಯದಲ್ಲಿ ದಡಾರವು ಹಬ್ಬಿದಾಗ, ವೆಲ್ಸನು ಮೇಲುಗಾಳಿಗೆ ನೇರಳಾತೀತ ದೀಪಗಳನ್ನಿಡಿಸಿದ್ದ ತರಗತಿಗಳಲ್ಲಿ ಅದು ಬಹಳ ಕಡಮೆಯಾಗಿ ಹರಡಿತು.

ಇಷ್ಟಾದರೂ ಮುಂದಿನ ಗ್ರಂಥಗಳಲ್ಲಿ 100ರ ಸ್ಥಾನದಲ್ಲಿ 5 ಎಂಬ ಸಂಖ್ಯೆಯು ನೆಲೆಗೊಂಡಿತು. ಅದು ಕ್ಷಯರೋಗಾಣುವನ್ನು ಶ್ವಾಸಕೋಶದ ಆಳಕ್ಕೆ ಮುಟ್ಟಿಸಬಲ್ಲ ಕಣದ ಪ್ರಮಾಣವೇ ಹೊರತು, ಹನಿಯು ಬೀಳುವ ಮೇರೆಯಲ್ಲ. ಲಿಪಿಕಾರರ ಪ್ರಮಾದದಂತೆ ಪ್ರತಿಯಿಂದ ಪ್ರತಿಗೆ ಸಾಗಿಬಂದ ಈ ಸಾಂಕರ್ಯವನ್ನು 2021ರಲ್ಲಿ ಸಂಶೋಧಕರು ಮೂಲಲೇಖನಗಳನ್ನು ಶೋಧಿಸಿ ತೋರಿಸಿಕೊಟ್ಟರು.

ಅಷ್ಟರಲ್ಲಿ ಅನರ್ಥವು ಸಂಭವಿಸಿತ್ತು. 2020ರ ಮಾರ್ಚ್ 10ರಂದು ವಾಷಿಂಗ್ಟನ್ ಸಂಸ್ಥಾನದ ಗಾಯನಾಭ್ಯಾಸವೊಂದರಲ್ಲಿ ಸೇರಿದ್ದ 61 ಜನರ ಪೈಕಿ 53 ಮಂದಿ ಕೋವಿಡ್ ರೋಗಿಗಳೆಂದು ಎಣಿಸಲ್ಪಟ್ಟರು, ಇಬ್ಬರು ಮೃತರಾದರು. ಆದರೂ ಅದೇ ತಿಂಗಳ 28ರಂದು ವಿಶ್ವ ಆರೋಗ್ಯ ಸಂಸ್ಥೆಯು ಈ ರೋಗವು ವಾಯುವಿನಿಂದ ಹರಡುವುದಲ್ಲವೆಂದು ಸಾರಿತು. ಮುಚ್ಚಿದ ಕೊಠಡಿಗಳಲ್ಲಿ ಹಾಗೆ ಹರಡುವುದನ್ನು 2021ರ ಏಪ್ರಿಲ್ ಕೊನೆಯಲ್ಲಿ ಸ್ಪಷ್ಟವಾಗಿ ಅಂಗೀಕರಿಸಿತು. ಕಿಟಕಿಗಳನ್ನು ತೆರೆಯುವುದು, ಗಾಳಿಯನ್ನು ಸೋಸುವುದು, ಮುಖಕ್ಕೆ ಬಿಗಿಯಾದ ಮುಸುಕನ್ನು ಧರಿಸುವುದು, ಇವು ಸುಲಭವಾದ ಉಪಾಯಗಳು. ವಿಳಂಬವಾದುದು ಮೂಲವನ್ನು ಓದುವುದರಲ್ಲಿ.