ಅನ್ಯರ ಕಂಠದಿಂದ ಬಾಳಿದ ನಟ

ನಮ್ಮ ಊರಿನ ಬೀದಿಯಲ್ಲಿ ಹಗಲುವೇಷದವನು ನಿಂತು ಶಾನುಭೋಗರ ಗತ್ತನ್ನೋ ಸಾಹುಕಾರರ ಗೊಣಗನ್ನೋ ಮಾಡಿ ತೋರಿಸಿದಾಗ ನಾವೆಲ್ಲರೂ ನಕ್ಕಿದ್ದೇವೆ. ಆ ವೇಷಗಾರನು ತಟಕ್ಕನೆ ತಿರುಗಿ ನಮ್ಮ ನಡೆಯನ್ನೇ, ನಮ್ಮ ತೊದಲನ್ನೇ ತೋರಿಸಿದನೆಂದರೆ? ನಗೆಯು ಅಲ್ಲಿಗೆ ಉಡುಗಿಹೋಗುತ್ತದೆ. ಅನುಕರಣವು ಎಲ್ಲಿಯವರೆಗೆ ಕಲೆ, ಎಲ್ಲಿಂದಾಚೆಗೆ ಕ್ರೌರ್ಯ ಎಂಬ ಪ್ರಶ್ನೆಗೆ ಹದಿನೆಂಟನೆಯ ಶತಮಾನದ ಲಂಡನ್ನಿನ ನಟ ಸ್ಯಾಮ್ಯುಅಲ್ ಫೂಟನ ಚರಿತ್ರೆಗಿಂತ ಒಳ್ಳೆಯ ನಿದರ್ಶನವು ನಮಗೆ ತಿಳಿಯದು.

ಫೂಟನು 1720ರಲ್ಲಿ ಕಾರ್ನ್‌ವಾಲ್ ಪ್ರಾಂತದ ಟ್ರೂರೋ ಪಟ್ಟಣದಲ್ಲಿ, ಸ್ಥಿತಿವಂತರ ಮನೆಯಲ್ಲಿ ಹುಟ್ಟಿದನು. ಆಕ್ಸ್‌ಫರ್ಡಿನ ವುಸ್ಟರ್ ಕಾಲೇಜನ್ನು ಸೇರಿದನಾದರೂ ಪದವಿಯನ್ನು ಪಡೆಯದೆ 1740ರಲ್ಲಿ ಹೊರಬಿದ್ದನು. ಬಳಿಕ ನ್ಯಾಯಶಾಸ್ತ್ರದ ವ್ಯಾಸಂಗವೆಂಬ ನೆಪದಿಂದ ಲಂಡನ್ನಿನಲ್ಲಿ ನೆಲೆಸಿ, ಕಾಫಿಗೃಹಗಳಲ್ಲಿ ಮಾತಿನ ಮಲ್ಲನೆಂದು ಹೆಸರಾಗಿ, ಕೈಯಲ್ಲಿದ್ದುದನ್ನೆಲ್ಲ ಕರಗಿಸಿ ಸಾಲದ ಸೆರೆಮನೆಯನ್ನೂ ಕಂಡನು. 1741ರಲ್ಲಿ ಆತನ ಸೋದರಮಾವಂದಿರಲ್ಲಿ ಒಬ್ಬನು, ನೌಕಾಪಡೆಯ ಕ್ಯಾಪ್ಟನ್ನನು, ತನ್ನ ಅಣ್ಣನನ್ನೇ ಬ್ರಿಸ್ಟಲ್ ಬಂದರಿನ ಬಳಿ ತನ್ನ ಹಡಗಿಗೆ ಎಳೆತರಿಸಿ ಕೊಲ್ಲಿಸಿ, ಗಲ್ಲಿಗೇರಿದನು. ಸೋದರಳಿಯನು ಈ ವೃತ್ತಾಂತವನ್ನು ಬರೆದು ಅಚ್ಚುಹಾಕಿಸಿದನು. ಸ್ವಂತ ಮನೆಯ ದುರಂತವೂ ಆತನಿಗೆ ಸರಕಾಯಿತು. ಮುಂದೆ ನೆರೆಯವರ ಕುಂದುಗಳು ಸರಕಾದುದರಲ್ಲಿ ಏನಾಶ್ಚರ್ಯ?

ಮ್ಯಾಕ್ಲಿನ್ ಎಂಬ ಪ್ರಸಿದ್ಧ ನಟನ ಬಳಿ ಅಭಿನಯವನ್ನು ಕಲಿತು, 1744ರ ಫೆಬ್ರವರಿಯಲ್ಲಿ ಹೇಮಾರ್ಕೆಟ್ ನಾಟಕಶಾಲೆಯಲ್ಲಿ ಫೂಟನು ಮೊದಲ ಸಲ ರಂಗವೇರಿದನು. ಆರಿಸಿಕೊಂಡ ಪಾತ್ರವು ಒಥೆಲೋ! ಕುಳ್ಳಾದ ದುಂಡು ಮೈಯ ಈ ಹಾಸ್ಯಗಾರನಿಗೆ ಆ ಗಂಭೀರ ಪಾತ್ರವು ಒಗ್ಗಲಿಲ್ಲ. ತನ್ನ ಸ್ವಂತ ದನಿಯಲ್ಲಿ ದೊರೆಯದ ಕೀರ್ತಿಯು ಪರರ ದನಿಯಲ್ಲಿದೆಯೆಂಬುದನ್ನು ಆತನು ಕ್ರಮೇಣ ಕಂಡುಕೊಂಡನು.

ಆದರೆ ದಾರಿಯಲ್ಲಿ ಶಾಸನದ ಗೋಡೆಯೊಂದಿತ್ತು. 1737ರ ಕಾಯಿದೆಯ ಪ್ರಕಾರ, ಲಂಡನ್ನಿನಲ್ಲಿ ಮಾತಿನ ನಾಟಕಗಳನ್ನಾಡುವ ಹಕ್ಕು ಡ್ರೂರಿ ಲೇನ್ ಮತ್ತು ಕಾವೆಂಟ್ ಗಾರ್ಡನ್ ಎಂಬ ಎರಡೇ ರಂಗಮಂದಿರಗಳಿಗೆ ಮೀಸಲು. 1747ರ ಏಪ್ರಿಲಿನಲ್ಲಿ ಫೂಟನು ಹೇಮಾರ್ಕೆಟ್ಟಿನಲ್ಲಿ ‘ಪ್ರಾತಃಕಾಲದ ವಿನೋದಗಳು’ ಎಂಬ ಪ್ರದರ್ಶನವನ್ನಿಟ್ಟು, ಗ್ಯಾರಿಕ್, ಕ್ವಿನ್ ಮೊದಲಾದ ಮಹಾನಟರನ್ನು ಒಬ್ಬೊಬ್ಬರನ್ನಾಗಿ ಅಣಕಿಸಿದನು. ಅಧಿಕಾರಿಗಳು ತಡೆದರು. ಆಗ ಆತನು ಹೂಡಿದ ಉಪಾಯವನ್ನು ಕೇಳಿರಿ: ತನ್ನೊಡನೆ ಒಂದು ಬಟ್ಟಲು ಚಾಕೊಲೇಟ್ ಪಾನೀಯವನ್ನು ಸೇವಿಸಲು ಮಿತ್ರರು ಬರಬೇಕೆಂದು ಪತ್ರಿಕೆಯಲ್ಲಿ ಆಮಂತ್ರಣ! ಜನರು ಟಿಕೀಟು ಕೊಂಡು ಬಂದರು. ಪಾನೀಯವು ಸಿದ್ಧವಾಗುವವರೆಗೆ ತಾನು ಕೆಲವು ಎಳೆಯ ನಟರಿಗೆ ಪಾಠ ಹೇಳುವೆನೆಂದು ಫೂಟನು ಎದ್ದು ನಿಂತನು. ಆ ಪಾಠವೇ ಅಣಕ! ಇಪ್ಪತ್ತೇಳರ ಪ್ರಾಯದಲ್ಲಿ ಲಂಡನ್ನೇ ಆತನ ಬಾಗಿಲಿಗೆ ಬಂದಿತು.

ಕೀರ್ತಿಯೊಡನೆ ಭಯವೂ ಹಬ್ಬಿತು. ಡಾಕ್ಟರ್ ಜಾನ್‌ಸನ್ನನು, ತನ್ನನ್ನು ಫೂಟನು ರಂಗದ ಮೇಲೆ ತರುವನೆಂಬ ಸುದ್ದಿ ಕೇಳಿ, ಓಕ್ ಮರದ ದೊಣ್ಣೆಗೆ ಬೆಲೆಯೇನೆಂದು ವಿಚಾರಿಸಿದನಂತೆ. ಫೂಟನು ಹಿಮ್ಮೆಟ್ಟಿದನೆಂದು ಬಾಸ್ವೆಲ್ಲನು ಬರೆದಿದ್ದಾನೆ. ಎಲ್ಲರಿಗೂ ಜಾನ್‌ಸನ್ನನ ತೋಳಿಲ್ಲ. 1762ರಲ್ಲಿ ಫೂಟನು ಡಬ್ಲಿನ್ನಿನ ಮುದ್ರಕ ಫಾಕ್ನರನನ್ನು ಆತನ ಮರದ ಕಾಲಿನ ಸಮೇತ ಅಣಕಿಸಿದನು. ಫಾಕ್ನರನು ನ್ಯಾಯಾಲಯವನ್ನು ಮೊರೆಹೊಕ್ಕನು.

ನಾಲ್ಕೇ ವರ್ಷಗಳಲ್ಲಿ ಕಾಲಚಕ್ರವು ತಿರುಗಿತು. 1766ರಲ್ಲಿ ಶ್ರೀಮಂತರ ಗೋಷ್ಠಿಯೊಂದರಲ್ಲಿ, ಅವರ ಕೆಣಕುಮಾತಿಗೆ ಸಿಕ್ಕಿ ಯಾರ್ಕ್ ಡ್ಯೂಕನ ಕುದುರೆಯನ್ನೇರಿದ ಫೂಟನು ಬಿದ್ದು, ಒಂದು ಕಾಲನ್ನೇ ಕತ್ತರಿಸಿಕೊಳ್ಳಬೇಕಾಯಿತು. ನೊಂದ ಡ್ಯೂಕನ ಶಿಫಾರಸಿನಿಂದ ಹೇಮಾರ್ಕೆಟ್ಟಿನಲ್ಲಿ ಬೇಸಗೆಯ ತಿಂಗಳುಗಳಲ್ಲಿ ನಾಟಕವಾಡುವ ರಾಜಪತ್ರವು ದೊರೆಯಿತು. ಪರರ ಮರಗಾಲನ್ನು ನಗೆಗೀಡುಮಾಡಿದವನು ತನ್ನ ಹುಸಿಗಾಲಿಗೆಂದೇ ಪಾತ್ರಗಳನ್ನು ಬರೆದು ಆಡಿದನು. ಇದನ್ನು ದೈವದ ದಂಡನೆಯೆನ್ನಲು ನಮಗೆ ಮನಸ್ಸು ಬಾರದು. ಆ ಧೈರ್ಯಕ್ಕೆ ತಲೆಬಾಗಬೇಕೆನಿಸುತ್ತದೆ.

ಫೂಟನ ಕಲೆಗೆ ತಕ್ಕ ಗುರಿ ದೊರೆತುದು 1772ರಲ್ಲಿ. ಕಂಪನಿಯು ಹೈದರಾಲಿಯೊಡನೆ ಮದರಾಸಿನಲ್ಲಿ ಸಂಧಿಮಾಡಿಕೊಂಡು ಮೂರು ವರ್ಷಗಳಾಗಿದ್ದುವು. ಆಗ ಆತನು ‘ನಬಾಬ್’ ಎಂಬ ಪ್ರಹಸನವನ್ನು ರಂಗಕ್ಕೆ ತಂದನು. ನಮ್ಮ ದೇಶದಲ್ಲಿ ಸುಲಿದ ಹಣದಿಂದ ಸ್ವದೇಶದಲ್ಲಿ ಮಾನವನ್ನೂ ಪಾರ್ಲಿಮೆಂಟಿನ ಸ್ಥಾನವನ್ನೂ ಕೊಳ್ಳಹೊರಟ ಸರ್ ಮ್ಯಾಥ್ಯೂ ಮೈಟ್ ಎಂಬವನು ಅದರ ನಾಯಕ. ಇಲ್ಲಿ ನಗೆಗೀಡಾದುದು ಅಂಗವಿಕಲತೆಯಲ್ಲ, ಅನ್ಯಾಯ. ದೊಣ್ಣೆಯಿಲ್ಲದ ಮುದ್ರಕನಲ್ಲ, ದೊಣ್ಣೆಯುಳ್ಳ ಧನಿಕರು.

1777ರಲ್ಲಿ ಫೂಟನು ತೀರಿಕೊಂಡನು. ವೆಸ್ಟ್‌ಮಿನ್‌ಸ್ಟರ್ ಮಂದಿರದ ಪ್ರಾಕಾರದಲ್ಲಿ ಆತನ ದೇಹಕ್ಕೆ ಎಡೆ ದೊರೆಯಿತು. ಆ ಕಂಠವು ಮತ್ತೆ ಕೇಳಬರುವಂತಿಲ್ಲ. ಅಣಕಕ್ಕೆ ಗುರಿಯಾದವರೊಡನೆಯೇ ಅಣಕವೂ ಅಳಿಯುತ್ತದೆ. ಉಳಿಯುವುದು ಒಂದೇ ವಿವೇಕ: ಮನುಷ್ಯನು ತಾನಾಗಿ ಆರಿಸಿಕೊಂಡ ನಡತೆಯನ್ನು ನಗೆಯು ಹಿಡಿಯಲಿ, ವಿಧಿಯು ಕೊಟ್ಟ ಕುಂದನ್ನು ಬಿಟ್ಟುಬಿಡಲಿ.