ಮನೆಯಲ್ಲಿ ಆಡುವ ಭಾಷೆ ಯಾವುದು?



ವಲಸೆ ಬಂದವರ ಮಕ್ಕಳನ್ನು, ಎರಡು ಭಾಷೆಯ ಮಕ್ಕಳನ್ನು, ಅಮೆರಿಕದ ಶಾಲೆಗಳು ಹೇಗೆ ನಡೆಸಿಕೊಂಡು ಬಂದವು ಎಂಬುದರ ಬಗ್ಗೆ ಮಾತಾಡಬೇಕೆಂದು ಸಂಘದವರು ಹೇಳಿದರು. ನಾನು ವೃತ್ತಿಯಿಂದ ಇತಿಹಾಸಕಾರನೂ ಅಲ್ಲ, ವಕೀಲನೂ ಅಲ್ಲ. ವಾರವಿಡೀ ಸಾಫ್ಟ್‌ವೇರ್ ಕೆಲಸ, ಭಾನುವಾರ ಬೆಳಿಗ್ಗೆ ಕನ್ನಡ ತರಗತಿ. ಆ ತರಗತಿಯ ಅಪ್ಪ ಅಮ್ಮಂದಿರು ವರ್ಷವರ್ಷವೂ ಕೇಳುವ ಒಂದು ಪ್ರಶ್ನೆಯೇ ನನ್ನನ್ನು ಈ ಓದಿಗೆ ಹಚ್ಚಿದ್ದು.

ಮಗುವನ್ನು ಇಲ್ಲಿನ ಸರ್ಕಾರಿ ಶಾಲೆಗೆ ಸೇರಿಸುವಾಗ ಲಸಿಕೆಯ ದಾಖಲೆ, ಮನೆ ಬಾಡಿಗೆಯ ಕರಾರು ಇವುಗಳ ಜೊತೆಗೆ ಒಂದು ಹಾಳೆ ಕೊಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಅದರಲ್ಲಿ ನಾಲ್ಕು ಪ್ರಶ್ನೆ: ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಅದು ಹೆಚ್ಚಾಗಿ ಆಡುವ ಭಾಷೆ ಯಾವುದು, ನೀವು ಅದರ ಜೊತೆ ಆಡುವುದು ಯಾವುದು, ಮನೆಯ ದೊಡ್ಡವರು ಆಡುವುದು ಯಾವುದು. ಬೇರೆ ರಾಜ್ಯಗಳಲ್ಲಿ ಮಾತು ಸ್ವಲ್ಪ ಬೇರೆ, ವಿಷಯ ಅದೇ. ನಮ್ಮವರು ಇಲ್ಲಿ ತಡವರಿಸುತ್ತಾರೆ. "ಮೇಷ್ಟ್ರೇ, ಕನ್ನಡ ಅಂತ ಬರೆದ್ರೆ ಮಗೂನ ದಡ್ಡರ ಕ್ಲಾಸಿಗೆ ಹಾಕ್ತಾರಂತೆ, ಹೌದಾ?" ಎಂದು ಫೋನ್ ಮಾಡುತ್ತಾರೆ. ಎಷ್ಟೋ ಮಂದಿ ಫೋನ್ ಮಾಡುವ ಗೋಜಿಗೂ ಹೋಗದೆ ಇಂಗ್ಲಿಷ್ ಎಂದು ಬರೆದು ಸಹಿ ಹಾಕುತ್ತಾರೆ. ಮನೆಯಲ್ಲಿ ಅಜ್ಜಿ, ತಾತ, ಒಗ್ಗರಣೆ, ಜಗಳ ಎಲ್ಲವೂ ಕನ್ನಡದಲ್ಲಿ. ಕಾಗದದಲ್ಲಿ ಮಾತ್ರ ಇಂಗ್ಲಿಷ್. ಈ ಹಾಳೆ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದೆ. ಅದರ ಹಿಂದೆ ನೂರು ವರ್ಷಕ್ಕೂ ಮೀರಿದ ಕಥೆಯಿದೆ.

ಮೊದಲು ನೆಬ್ರಾಸ್ಕಾಗೆ ಹೋಗೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನ್ ವಲಸಿಗರು ಇಲ್ಲಿ ತಮ್ಮ ಭಾಷೆಯಲ್ಲೇ ಶಾಲೆ ನಡೆಸುತ್ತಿದ್ದರು. ಒಹಾಯೋ ರಾಜ್ಯ 1839ರಲ್ಲೇ ಸರ್ಕಾರಿ ಶಾಲೆಯಲ್ಲಿ ಜರ್ಮನ್ ಕಲಿಸಲು ಕಾನೂನು ಮಾಡಿತ್ತು. ಸಿನ್ಸಿನಾಟಿಯಲ್ಲಿ ಜರ್ಮನ್ ಮತ್ತು ಇಂಗ್ಲಿಷ್ ಎರಡರಲ್ಲೂ ಪಾಠ ನಡೆಯುತ್ತಿತ್ತು. ಯಾರಿಗೂ ಅದು ದೇಶದ್ರೋಹವಾಗಿ ಕಾಣಲಿಲ್ಲ. ಮೊದಲ ಮಹಾಯುದ್ಧ ಬಂದದ್ದೇ ತಡ, ಜರ್ಮನ್ ಶತ್ರುವಿನ ಭಾಷೆಯಾಯಿತು. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಪರಭಾಷೆ ಕಲಿಸುವುದನ್ನು ನಿರ್ಬಂಧಿಸಿದವು. ನೆಬ್ರಾಸ್ಕಾದ 1919ರ ಕಾನೂನಂತೂ ಎಂಟನೆಯ ತರಗತಿ ಮುಗಿಯುವವರೆಗೆ ಖಾಸಗಿ ಶಾಲೆಯಲ್ಲಿ ಕೂಡ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸಕೂಡದು ಎಂದಿತು. ಆದರೆ ಲ್ಯಾಟಿನ್, ಗ್ರೀಕ್, ಹೀಬ್ರೂಗಳಿಗೆ ಇದು ಅನ್ವಯಿಸುವುದಿಲ್ಲ ಎಂದು ಅಲ್ಲಿನ ಕೋರ್ಟೇ ವಿವರಿಸಿತು. ಸತ್ತ ಭಾಷೆ ಕಲಿಸಬಹುದು, ಬದುಕಿರುವುದನ್ನು ಕಲಿಸಬಾರದು!

1920ರ ಮೇ 25. ಹ್ಯಾಂಪ್ಟನ್ ಎಂಬ ಹಳ್ಳಿಯಲ್ಲಿ ಚರ್ಚಿಗೆ ಸೇರಿದ ಒಂದು ಪುಟ್ಟ ಶಾಲೆ. ರಾಬರ್ಟ್ ಮೇಯರ್ ಎಂಬ ಮೇಷ್ಟ್ರು ಮಧ್ಯಾಹ್ನದ ಬಿಡುವಿನಲ್ಲಿ ಹತ್ತು ವರ್ಷದ ಹುಡುಗನಿಗೆ ಬೈಬಲ್ ಕಥೆಗಳನ್ನು ಜರ್ಮನ್‌ನಲ್ಲಿ ಓದಿಸುತ್ತಿದ್ದರು. ಅಷ್ಟರಲ್ಲಿ ಕೌಂಟಿಯ ಸರ್ಕಾರಿ ವಕೀಲ ಒಳಗೆ ಬಂದ. ಪುಸ್ತಕ ಮಡಚಿ ಇಂಗ್ಲಿಷ್ ಪಾಠಕ್ಕೆ ಹೊರಳಿದ್ದರೆ ಮುಗಿಯುತ್ತಿತ್ತು. ಮೇಯರ್ ಹೊರಳಲಿಲ್ಲ. 25 ಡಾಲರ್ ದಂಡ ಬಿತ್ತು. ಅವರು ದಂಡ ಕಟ್ಟಿ ಕೈತೊಳೆದುಕೊಳ್ಳದೆ ಸುಪ್ರೀಂ ಕೋರ್ಟಿನವರೆಗೆ ಹೋದರು. 1923ರ ಜೂನ್ 4ರಂದು ಏಳು ನ್ಯಾಯಮೂರ್ತಿಗಳು ಅವರ ಪರವಾಗಿ ನಿಂತರು, ಇಬ್ಬರು ಒಪ್ಪಲಿಲ್ಲ. ಭಾಷೆ ಕಲಿಸುವುದು ಮೇಷ್ಟ್ರ ಹಕ್ಕು, ಮಕ್ಕಳಿಗೆ ಕಲಿಸಿ ಎಂದು ಅವರನ್ನು ನೇಮಿಸಿಕೊಳ್ಳುವುದು ತಂದೆ ತಾಯಿಯ ಹಕ್ಕು ಎಂಬುದು ತೀರ್ಪಿನ ತಿರುಳು.

ನಾನು ಓದಿದ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಎಂಟಾಣೆ ದಂಡ ಇತ್ತು. ಈ ಸಭೆಯಲ್ಲೂ ಅಂಥ ದಂಡ ಕಟ್ಟಿದವರು ಇದ್ದೀರಿ, ನಗುತ್ತಿರುವುದು ಕಾಣಿಸುತ್ತಿದೆ. ನಮ್ಮಲ್ಲಿ ಯಾರೂ ಕೋರ್ಟಿಗೆ ಹೋಗಲಿಲ್ಲ.

ಅದೇ 1923ರ ಫೆಬ್ರವರಿಯಲ್ಲಿ ಇದೇ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಅವರಿಗೆ ಪೌರತ್ವವಿಲ್ಲ ಎಂದು ಹೇಳಿತ್ತು. ಅದನ್ನು ಬರೆದವರು ನ್ಯಾಯಮೂರ್ತಿ ಸದರ್ಲ್ಯಾಂಡ್. ಜೂನ್‌ನಲ್ಲಿ ಮೇಯರ್ ಪರ ನಿಲ್ಲದ ಇಬ್ಬರಲ್ಲಿ ಅವರೂ ಒಬ್ಬರು. ನಮಗೆ ಬಾಗಿಲು ಮುಚ್ಚಿದ ನಾಲ್ಕು ತಿಂಗಳಲ್ಲೇ ಕೋರ್ಟ್ ನಮ್ಮ ಮೊಮ್ಮಕ್ಕಳ ಭಾನುವಾರದ ತರಗತಿಗೆ ಜಾಗ ಮಾಡಿಕೊಟ್ಟಿತು. ಆಗ ಅದು ಯಾರಿಗೂ ತಿಳಿದಿರಲಿಲ್ಲ.

ಭಾನುವಾರದ ತರಗತಿ ಎಂದೆನಲ್ಲ, ನಮ್ಮ ನಿಜವಾದ ಹಿರಿಯರು ಹವಾಯಿಯ ಜಪಾನೀಯರು. ಕಬ್ಬಿನ ತೋಟಗಳಲ್ಲಿ ಕೂಲಿಗೆ ಬಂದವರು ಮಕ್ಕಳಿಗಾಗಿ ಸರ್ಕಾರಿ ಶಾಲೆ ಬಿಟ್ಟ ಮೇಲೆ ನಡೆಯುವ ಭಾಷಾ ಶಾಲೆಗಳನ್ನು ಕಟ್ಟಿದರು. ಅಲ್ಲಿದ್ದ 163 ಭಾಷಾ ಶಾಲೆಗಳಲ್ಲಿ 9 ಕೊರಿಯನ್, 7 ಚೀನೀ, ಉಳಿದವೆಲ್ಲ ಜಪಾನೀ. ಸರ್ಕಾರ ನೇರವಾಗಿ ಮುಚ್ಚಿಸುವ ಬದಲು ನಿಯಮಗಳಿಂದ ಹಿಂಡಿತು: ಪರವಾನಗಿ ಬೇಕು, ಮಗುವಿಗೆ ಒಂದು ಡಾಲರಿನಂತೆ ಶುಲ್ಕ ಕಟ್ಟಬೇಕು, ದಿನಕ್ಕೆ ಒಂದು ಗಂಟೆ ಮೀರಬಾರದು, ಪಠ್ಯಪುಸ್ತಕವೂ ಸರ್ಕಾರ ಹೇಳಿದ್ದೇ ಆಗಬೇಕು. ಶಾಲೆಗಳು ಮೊಕದ್ದಮೆ ಹೂಡಿದವು. 1927ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಹದಿನಾಲ್ಕು ವರ್ಷದ ಮೇಲೆ ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿದ್ದಾಗ ಆ ಶಾಲೆಗಳೆಲ್ಲ ಮುಚ್ಚಿಹೋದವು. ತೀರ್ಪು ಪುಸ್ತಕದಲ್ಲಿ ಹಾಗೇ ಇತ್ತು.

ಇಲ್ಲಿಯವರೆಗಿನದು ಮನೆಭಾಷೆ ಕಲಿಸಲು ಬಿಡಿ ಎಂಬ ಜಗಳ. ಶಾಲೆಯ ಒಳಗೆ ಮಗುವಿಗೆ ಪಾಠ ಅರ್ಥವಾಗಬೇಕು ಎಂಬ ಜಗಳ ಬೇರೆ. ಅದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ಕುಟುಂಬಗಳಿಂದ ನಡೆಯಿತು.

1884ರಲ್ಲಿ ಮೇಮಿ ಟೇಪ್ ಎಂಬ ಎಂಟು ವರ್ಷದ ಹುಡುಗಿಯನ್ನು ಅಲ್ಲಿನ ಶಾಲೆ ಚೀನೀಯಳೆಂದು ಸೇರಿಸಿಕೊಳ್ಳಲಿಲ್ಲ. ಅವಳು ಅಮೆರಿಕದಲ್ಲೇ ಹುಟ್ಟಿದವಳು. ಆ ಮನೆಯಲ್ಲಿ ಆಡುತ್ತಿದ್ದುದು ಇಂಗ್ಲಿಷ್. ಈಗಿನ ಹಾಳೆ ಆಗ ಇದ್ದಿದ್ದರೆ ಅವಳ ತಂದೆ ತಾಯಿ ಯಾವ ಸುಳ್ಳೂ ಹೇಳದೆ ಇಂಗ್ಲಿಷ್ ಎಂದೇ ಬರೆಯುತ್ತಿದ್ದರು. ಆದರೂ ಬಾಗಿಲು ತೆರೆಯಲಿಲ್ಲ. 1885ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಸೇರಿಸಿಕೊಳ್ಳಿ ಎಂದಿತು. ಕೂಡಲೇ ಹೊಸ ಕಾನೂನು ತಂದು ಚೀನೀ ಮಕ್ಕಳಿಗೇ ಪ್ರತ್ಯೇಕ ಶಾಲೆ ತೆರೆದರು. ಮೇಮಿ ಅಲ್ಲಿಗೆ ಹೋದಳು.

ಎಂಬತ್ತೈದು ವರ್ಷ ಕಳೆದು, 1970ರಲ್ಲಿ ಅದೇ ಊರು. ಒಬ್ಬ ತಾಯಿ ಬಾಡಿಗೆ ಮನೆಯ ತಕರಾರಿಗೆಂದು ಎಡ್ವರ್ಡ್ ಸ್ಟೈನ್‌ಮನ್ ಎಂಬ ವಕೀಲರ ಬಳಿ ಹೋದರು. ಮಾತಿನ ನಡುವೆ ಮಗ ಕಿನ್ನಿ ಲಾವ್‌ಗೆ ಶಾಲೆಯಲ್ಲಿ ಏನೂ ತಿಳಿಯುತ್ತಿಲ್ಲ ಎಂಬ ವಿಷಯ ಬಂತು. ಹೋದದ್ದು ಬಾಡಿಗೆಗೆ, ಹುಟ್ಟಿದ್ದು ದೇಶದ ಶಿಕ್ಷಣವನ್ನೇ ಬದಲಿಸಿದ ಮೊಕದ್ದಮೆ. ಇಂಗ್ಲಿಷ್ ಬಾರದ 2,856 ಚೀನೀ ಮಕ್ಕಳಲ್ಲಿ ಸುಮಾರು 1,800 ಮಕ್ಕಳಿಗೆ ಯಾವ ನೆರವೂ ಇರಲಿಲ್ಲ. ಎಲ್ಲರಿಗೂ ಅದೇ ಪುಸ್ತಕ, ಅದೇ ಬೆಂಚು ಕೊಟ್ಟಿದ್ದೇವೆ, ಇನ್ನೇನು ಬೇಕು ಎಂಬುದು ಶಾಲೆಯವರ ವಾದ. ಕೆಳಗಿನ ಎರಡು ಕೋರ್ಟುಗಳೂ ಅದನ್ನು ಒಪ್ಪಿದವು. 1974ರ ಜನವರಿ 21ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ತಳ್ಳಿಹಾಕಿತು. ಪಾಠವೇ ತಿಳಿಯದ ಮಗುವಿಗೆ ಅದೇ ಪುಸ್ತಕ ಕೊಟ್ಟರೆ ಅದು ಸಮಾನತೆಯಲ್ಲ ಎಂದಿತು.

ಈ ತೀರ್ಪಿನಲ್ಲಿ ನಮ್ಮಂಥವರು ಗಮನಿಸಬೇಕಾದ ಎರಡು ಸಂಗತಿಗಳಿವೆ. ಒಂದು, ಚೀನೀ ಭಾಷೆಯಲ್ಲೇ ಪಾಠ ಮಾಡಿ ಎಂದು ಕೋರ್ಟ್ ಹೇಳಲಿಲ್ಲ. ಇಂಗ್ಲಿಷ್ ಕಲಿಸುವುದೂ ಒಂದು ದಾರಿ, ಮನೆಭಾಷೆಯಲ್ಲಿ ಕಲಿಸುವುದೂ ಒಂದು ದಾರಿ ಎಂದು ಬಿಟ್ಟುಬಿಟ್ಟಿತು. ಎರಡನೆಯದು ಕಣ್ಣಿಗೆ ಬೀಳುವುದು ಕಡಿಮೆ. ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಒಪ್ಪಿಗೆ ಕೊಡುತ್ತಲೇ ಒಂದು ಟಿಪ್ಪಣಿ ಬರೆದರು: ನನಗೆ ಇಲ್ಲಿ ಮುಖ್ಯವಾದದ್ದು ಸಂಖ್ಯೆ, ನಾಳೆ ಒಂದೇ ಮಗು, ಇಲ್ಲವೆ ಬೆರಳೆಣಿಕೆಯ ಮಕ್ಕಳು ಬಂದರೆ ಈ ತೀರ್ಪನ್ನೇ ಕಡೆಯ ಮಾತೆಂದು ತಿಳಿಯಲಾರೆ ಎಂಬ ಅರ್ಥದಲ್ಲಿ. ಬೆರಳೆಣಿಕೆಯ ಮಕ್ಕಳು ಎಂದರೆ ಯಾವ ಊರಿನಲ್ಲಾದರೂ ನಾವೇ ತಾನೇ? ಅದೇ ವರ್ಷ ಸಂಸತ್ತು ಮಾಡಿದ ಸಮಾನ ಶಿಕ್ಷಣಾವಕಾಶದ ಕಾನೂನು ಒಂದೊಂದು ಮಗುವಿನ ಹಕ್ಕನ್ನೂ ಹೇಳಿತು, ಆದ್ದರಿಂದ ಇಂಗ್ಲಿಷ್ ಕಲಿಯುವ ನೆರವಿಗೆ ಈಗ ತಲೆ ಎಣಿಸಬೇಕಿಲ್ಲ. ಆದರೆ ಒಂದು ಭಾಷೆಗೆ ಶಾಲೆಯಲ್ಲಿ ಜಾಗ ಕೇಳಲು ಹೋದಾಗ ಎಣಿಕೆ ಮತ್ತೆ ಎದುರಾಗುತ್ತದೆ.

ಯಾರಿಗೆ ನೆರವು ಬೇಕು ಎಂದು ತಿಳಿಯುವುದು ಹೇಗೆ? ಮನೆಭಾಷೆ ಕೇಳಿ ತಿಳಿದುಕೊಳ್ಳಿ ಎಂದು 1975ರಲ್ಲಿ ಕೇಂದ್ರದ ಶಿಕ್ಷಣಾಧಿಕಾರಿಗಳು ಶಾಲೆಗಳಿಗೆ ಸೂಚಿಸಿದರು. ನಾವು ತಡವರಿಸುವ ಹಾಳೆ ಹುಟ್ಟಿದ್ದು ಹೀಗೆ. ಅದು ಮಕ್ಕಳನ್ನು ಬೇರ್ಪಡಿಸಲು ಬಂದದ್ದಲ್ಲ, ಮೂಲೆಯಲ್ಲಿ ಏನೂ ತಿಳಿಯದೆ ಕೂತ ಮಗುವನ್ನು ಹುಡುಕಲು ಬಂದದ್ದು.

ಹಾಗೆಂದು ನಮ್ಮವರ ಅಂಜಿಕೆಯನ್ನು ನಾನು ನಗೆಯಾಡುವುದಿಲ್ಲ. ಬೇರೆ ಭಾಷೆ ಎಂದು ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಇರುತ್ತದೆ. ಪಾಸಾದರೆ ಅಲ್ಲಿಗೆ ಮುಗಿಯಿತು. ಆಗದಿದ್ದರೆ ಇಂಗ್ಲಿಷ್ ಕಲಿಯುವವರ ಪಟ್ಟಿಗೆ ಸೇರುತ್ತದೆ, ಪ್ರತಿವರ್ಷ ಮತ್ತೆ ಪರೀಕ್ಷೆ. ಆ ಪಟ್ಟಿಯಿಂದ ವರ್ಷಗಟ್ಟಲೆ ಹೊರಬರಲಾಗದೆ ಸಂಗೀತ, ಚಿತ್ರಕಲೆಯ ತರಗತಿ ಕಳೆದುಕೊಂಡ ಮಕ್ಕಳಿದ್ದಾರೆ. ಆದರೆ ವಿಶೇಷ ತರಗತಿ ಬೇಡ ಎನ್ನುವ ಹಕ್ಕು ತಂದೆ ತಾಯಿಗಿದೆ, ಇದು ಬಹಳ ಮಂದಿಗೆ ಗೊತ್ತಿಲ್ಲ. ವೀಸಾ ಬಗ್ಗೆ ಹೆದರುವವರಿಗೂ ಒಂದು ಮಾತು: ವಲಸೆಯ ಕಾಗದ ಇಲ್ಲವೆಂದು ಮಗುವನ್ನು ಸರ್ಕಾರಿ ಶಾಲೆಯಿಂದ ಹೊರಗಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

ಎರಡು ಭಾಷೆಯಲ್ಲಿ ಪಾಠ ಎಂಬುದು ಈ ನಡುವೆ ಏರಿತು, ಇಳಿಯಿತು. 1968ರ ದ್ವಿಭಾಷಾ ಶಿಕ್ಷಣ ಕಾನೂನಿಗೆ ಸಹಿ ಹಾಕಿದ ಅಧ್ಯಕ್ಷ ಜಾನ್ಸನ್ ಯೌವನದಲ್ಲಿ ಟೆಕ್ಸಸ್‌ನ ಕೊಟುಲ್ಲಾ ಎಂಬ ಊರಲ್ಲಿ ಸ್ಪ್ಯಾನಿಷ್ ಆಡುವ ಮಕ್ಕಳಿಗೆ ಮೇಷ್ಟ್ರಾಗಿದ್ದವರು. 1998ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಅಂಥ ಪಾಠವನ್ನು ಹೆಚ್ಚುಕಡಿಮೆ ನಿಲ್ಲಿಸಿದರು. 2016ರಲ್ಲಿ ಅದೇ ಮತದಾರರು ಭಾರಿ ಬಹುಮತದಿಂದ ವಾಪಸು ತಂದರು. ಹದಿನೆಂಟು ವರ್ಷದ ಮಕ್ಕಳು ನಡುವೆ ಬೆಳೆದುಬಿಟ್ಟರು.

ಊರಲ್ಲಿ ಏನಾಯಿತು ನೋಡಿ. ಕರ್ನಾಟಕ ಸರ್ಕಾರ 1994ರಲ್ಲಿ ಒಂದರಿಂದ ನಾಲ್ಕನೆಯ ತರಗತಿವರೆಗೆ ಮಾತೃಭಾಷೆ ಇಲ್ಲವೆ ಕನ್ನಡವೇ ಮಾಧ್ಯಮ ಎಂದು ಆದೇಶ ಮಾಡಿತು. 2014ರಲ್ಲಿ ಭಾರತದ ಸುಪ್ರೀಂ ಕೋರ್ಟ್, ಮಾಧ್ಯಮ ಆರಿಸುವುದು ತಂದೆ ತಾಯಿಯ ಹಕ್ಕು, ಸರ್ಕಾರ ಹೇರುವಂತಿಲ್ಲ ಎಂದಿತು. ಮೇಯರ್ ಗೆದ್ದದ್ದೂ ಅದೇ ಹಕ್ಕಿನ ಮೇಲೆ. ನೆಬ್ರಾಸ್ಕಾದ ರೈತರು ಆ ಹಕ್ಕಿನಿಂದ ತಮ್ಮ ಭಾಷೆಯನ್ನು ಕೇಳಿದರು, ನಮ್ಮವರು ಇಂಗ್ಲಿಷ್ ಕೇಳಿದರು. ಹೊಟ್ಟೆಪಾಡಿನ ಲೆಕ್ಕದಲ್ಲಿ ಅದು ತಪ್ಪೆಂದು ಹೇಳುವ ಧೈರ್ಯ, ಇಂಗ್ಲಿಷಿನಿಂದಲೇ ಇಲ್ಲಿಗೆ ಬಂದ ನನಗಿಲ್ಲ. ಆದರೆ ಅದೇ ಅಭ್ಯಾಸಬಲ ಇಲ್ಲಿನ ಹಾಳೆಯ ಮೇಲೂ ಪೆನ್ನು ಓಡಿಸುತ್ತಿದೆ ಎಂಬುದು ನನ್ನ ಅನುಮಾನ.

ಕೆಲವು ವರ್ಷಗಳ ಹಿಂದೆ ನಾವು ನಾಲ್ಕು ಜನ, ಪ್ರೌಢಶಾಲೆಯಲ್ಲಿ ಕನ್ನಡಕ್ಕೂ ಪರಭಾಷೆಯ ಕ್ರೆಡಿಟ್ ಕೊಡಿ ಎಂದು ಕೇಳಲು ಶಾಲಾ ಜಿಲ್ಲೆಯ ಕಚೇರಿಗೆ ಹೋಗಿದ್ದೆವು. ಅಲ್ಲಿದ್ದ ಅಧಿಕಾರಿ ಒಳ್ಳೆಯ ಹೆಂಗಸು. ಕಂಪ್ಯೂಟರ್ ನೋಡಿ ಕನ್ನಡದ ಮಕ್ಕಳ ಸಂಖ್ಯೆ ಹೇಳಿದರು. ಅದು ನಮ್ಮ ಭಾನುವಾರದ ಒಂದು ಕೋಣೆಯಲ್ಲಿ ಕೂರುವ ಮಕ್ಕಳಿಗಿಂತ ಕಡಿಮೆ ಇತ್ತು. ನಾವು ಹಾಜರಿ ಪುಸ್ತಕ ಮುಂದಿಟ್ಟೆವು. ಅವರು ಒಂದೊಂದೇ ಹೆಸರು ಹುಡುಕಿದರು. ಮನೆಭಾಷೆ ಇಂಗ್ಲಿಷ್, ಇಂಗ್ಲಿಷ್, ಇಂಗ್ಲಿಷ್. ಒಂದು ಮನೆ ತುಳು ಎಂದು ಬರೆದಿತ್ತು. ಆ ಅಕ್ಕನ ಪ್ರಾಮಾಣಿಕತೆಗೆ ನಾನು ಈಗಲೂ ಕೈ ಮುಗಿಯುತ್ತೇನೆ.

ನಮ್ಮ ಅರ್ಜಿ ಇನ್ನೂ ಅಲ್ಲೇ ಇದೆ. ಮನೆಭಾಷೆಯನ್ನು ತಿದ್ದಿಸಬೇಕಾದರೆ ಯಾರನ್ನು ಕಾಣಬೇಕೆಂದು ಕೇಳಿದೆವು. ಶಾಲೆಯ ಆಫೀಸಿಗೇ ಹೋಗಿ ಕೇಳಬಹುದು ಎಂದರು. ಆ ವರ್ಷ ಮೂರು ಮನೆಯವರು ಹೋಗಿಬಂದರು.