ಕೋಶ ಅಂಟು ಅಣುಗಳ ವಿರುದ್ಧದ ಪ್ರತಿಕಾಯ ಚಿಕಿತ್ಸೆ

ಕೋಶ ಅಂಟು ಅಣುಗಳ ವಿರುದ್ಧದ ಪ್ರತಿಕಾಯ ಚಿಕಿತ್ಸೆಯು ಜೀವಕೋಶಗಳ ಮೇಲ್ಮೈಯಲ್ಲಿರುವ ಅಂಟು ಪ್ರೋಟೀನುಗಳನ್ನು ಗುರಿಯಾಗಿಸಿಕೊಂಡು, ಕ್ಯಾನ್ಸರ್ ಮೂಲ ಗಡ್ಡೆಯಿಂದ ದೇಹದ ಇತರ ಭಾಗಗಳಿಗೆ ಹರಡುವುದನ್ನು ತಡೆಯಲು ಯತ್ನಿಸುವ ಚಿಕಿತ್ಸಾ ವಿಧಾನವಾಗಿದೆ. ಈ ಹರಡುವಿಕೆಯನ್ನು ಮೆಟಾಸ್ಟಾಸಿಸ್ ಎನ್ನಲಾಗುತ್ತದೆ. ಕ್ಯಾನ್ಸರಿನಿಂದ ಸಂಭವಿಸುವ ಸಾವುಗಳಲ್ಲಿ ಹೆಚ್ಚಿನವುಗಳಿಗೆ ಮೂಲ ಗಡ್ಡೆಗಿಂತ ಹರಡಿದ ರೋಗವೇ ಕಾರಣ. ಈ ವಿಧಾನದ ಹಲವು ಪ್ರಯೋಗಗಳು ವಿಫಲವಾಗಿದ್ದು, ಕೆಲವು ಔಷಧಗಳು ಮಾತ್ರ ಬಳಕೆಗೆ ಬಂದಿವೆ.

ಅಂಟು ಅಣುಗಳ ವಿಧಗಳು

ಜೀವಕೋಶಗಳು ಪರಸ್ಪರ ಮತ್ತು ಸುತ್ತಲಿನ ಅಂಗಾಂಶದೊಂದಿಗೆ ಅಂಟಿಕೊಳ್ಳಲು ನೆರವಾಗುವ ಪ್ರೋಟೀನುಗಳೇ ಅಂಟು ಅಣುಗಳು. ಇವುಗಳಲ್ಲಿ ನಾಲ್ಕು ಮುಖ್ಯ ಕುಟುಂಬಗಳಿವೆ.

ಕ್ಯಾಡ್ಹೆರಿನ್‌ಗಳು: ಕ್ಯಾಲ್ಸಿಯಂ ನೆರವಿನಿಂದ ನೆರೆಯ ಕೋಶಗಳನ್ನು ಬೆಸೆಯುತ್ತವೆ.
ಇಂಟೆಗ್ರಿನ್‌ಗಳು: ಕೋಶಗಳನ್ನು ಅವುಗಳ ಸುತ್ತಲಿನ ನಾರಿನ ಜಾಲಕ್ಕೆ ಬಂಧಿಸುತ್ತವೆ.
ಸೆಲೆಕ್ಟಿನ್‌ಗಳು: ರಕ್ತದಲ್ಲಿ ಸಾಗುವ ಕೋಶಗಳನ್ನು ರಕ್ತನಾಳದ ಒಳಗೋಡೆಯ ಬಳಿ ನಿಧಾನಗೊಳಿಸುತ್ತವೆ.
ಇಮ್ಯುನೊಗ್ಲಾಬ್ಯುಲಿನ್ ಕುಟುಂಬದ ಅಣುಗಳು: ಐಕ್ಯಾಮ್, ವಿಕ್ಯಾಮ್, ನೆಕ್ಟಿನ್, ಆಲ್‌ಕ್ಯಾಮ್ ಮುಂತಾದವು.

ಎಪ್‌ಕ್ಯಾಮ್ ಮತ್ತು ಸಿಡಿ44 ಅಣುಗಳು ಈ ಕುಟುಂಬಗಳಿಗೆ ಸೇರದಿದ್ದರೂ ಅಂಟಿಕೊಳ್ಳುವಿಕೆಯಲ್ಲಿ ಪಾತ್ರ ವಹಿಸುತ್ತವೆ.

ಹರಡುವಿಕೆಯಲ್ಲಿ ಪಾತ್ರ

ಕ್ಯಾನ್ಸರ್ ಕೋಶವೊಂದು ಹರಡಬೇಕಾದರೆ ಮೊದಲು ನೆರೆಯ ಕೋಶಗಳಿಂದ ಬಿಡಿಸಿಕೊಳ್ಳಬೇಕು. ಬಳಿಕ ಅಂಗಾಂಶವನ್ನು ಭೇದಿಸಿ, ರಕ್ತನಾಳ ಅಥವಾ ದುಗ್ಧನಾಳವನ್ನು ಪ್ರವೇಶಿಸಿ, ದೂರದ ಅಂಗದಲ್ಲಿ ಮತ್ತೆ ಅಂಟಿಕೊಂಡು ಬೆಳೆಯಬೇಕು. ಕ್ಯಾನ್ಸರ್ ಕೋಶವು ಬೀಜವಾದರೆ ಅದು ನೆಲೆಯೂರುವ ಅಂಗವು ಮಣ್ಣು, ಎರಡೂ ಹೊಂದಿಕೆಯಾದಾಗ ಮಾತ್ರ ಹೊಸ ಗಡ್ಡೆ ಹುಟ್ಟುತ್ತದೆ ಎಂಬ ವಿಚಾರವನ್ನು ಇಂಗ್ಲೆಂಡಿನ ವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲಿ ಮಂಡಿಸಿದರು.

ಈ ಹಂತಗಳಲ್ಲಿ ಅಂಟು ಅಣುಗಳ ಪಾತ್ರ ಒಂದೇ ಬಗೆಯದಲ್ಲ. ಇ-ಕ್ಯಾಡ್ಹೆರಿನ್ ಕೋಶಗಳನ್ನು ಒಟ್ಟಾಗಿ ಹಿಡಿದಿಡುವುದರಿಂದ ಅದರ ಕೊರತೆಯು ಕೋಶಗಳು ಬಿಡಿಸಿಕೊಳ್ಳಲು ಅನುಕೂಲವಾಗುತ್ತದೆ. ಆದ್ದರಿಂದ ಅದನ್ನು ಪ್ರತಿಕಾಯದಿಂದ ತಡೆದರೆ ಹಾನಿಯೇ ಆಗಬಹುದು. ಇದಕ್ಕೆ ವ್ಯತಿರಿಕ್ತವಾಗಿ, ಕೆಲವು ಇಂಟೆಗ್ರಿನ್‌ಗಳು ಹಾಗೂ ಸೆಲೆಕ್ಟಿನ್‌ಗಳು ಕ್ಯಾನ್ಸರ್ ಕೋಶಗಳ ಚಲನೆಗೆ ಮತ್ತು ಹೊಸ ಸ್ಥಳದಲ್ಲಿ ನೆಲೆಯೂರಲು ನೆರವಾಗುತ್ತವೆ. ಹೀಗಾಗಿ ಯಾವ ಅಣುವನ್ನು ಗುರಿಯಾಗಿಸಬೇಕು ಎಂಬ ಆಯ್ಕೆಯೇ ಈ ಚಿಕಿತ್ಸೆಯ ಮೂಲ ಪ್ರಶ್ನೆಯಾಗಿದೆ.

ಪ್ರತಿಕಾಯಗಳ ಕಾರ್ಯವಿಧಾನ

ಒಂದೇ ಗುರಿಯನ್ನು ಗುರುತಿಸುವ ಮಾನೋಕ್ಲೋನಲ್ ಪ್ರತಿಕಾಯಗಳನ್ನು ತಯಾರಿಸುವ ವಿಧಾನವನ್ನು ಜಾರ್ಜ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೈನ್ 1975ರಲ್ಲಿ ಪ್ರಕಟಿಸಿದರು. ಇದಕ್ಕಾಗಿ ಅವರಿಗೆ 1984ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಅಂಟು ಅಣುಗಳ ವಿರುದ್ಧ ಇಂತಹ ಪ್ರತಿಕಾಯಗಳನ್ನು ಮೂರು ರೀತಿಯಲ್ಲಿ ಬಳಸಲಾಗುತ್ತದೆ. ಮೊದಲನೆಯದು, ಅಣುವಿಗೆ ಅಡ್ಡವಾಗಿ ಕುಳಿತು ಅಂಟಿಕೊಳ್ಳುವುದನ್ನು ತಡೆಯುವುದು. ಎರಡನೆಯದು, ಕ್ಯಾನ್ಸರ್ ಕೋಶವನ್ನು ಗುರುತಿಸಿ ರೋಗನಿರೋಧಕ ಕೋಶಗಳಿಂದ ನಾಶಪಡಿಸುವುದು. ಮೂರನೆಯದು, ಪ್ರತಿಕಾಯಕ್ಕೆ ಜೋಡಿಸಿದ ವಿಷವಸ್ತುವನ್ನು ಕ್ಯಾನ್ಸರ್ ಕೋಶದೊಳಗೆ ತಲುಪಿಸುವುದು.

ಪ್ರಮುಖ ಪ್ರಯೋಗಗಳು

ಎಡ್ರೆಕೊಲೊಮ್ಯಾಬ್: ಎಪ್‌ಕ್ಯಾಮ್ ವಿರುದ್ಧದ ಇಲಿ ಮೂಲದ ಪ್ರತಿಕಾಯ. ಕರುಳಿನ ಗಡ್ಡೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದ ನಂತರ ದೇಹದಲ್ಲಿ ಉಳಿದಿರಬಹುದಾದ ಬಿಡಿ ಕೋಶಗಳನ್ನು ನಾಶಪಡಿಸುವುದು ಇದರ ಉದ್ದೇಶವಾಗಿತ್ತು. 189 ರೋಗಿಗಳ ಮೇಲೆ ನಡೆಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾವಿನ ಪ್ರಮಾಣ ಸುಮಾರು ಶೇ. 30ರಷ್ಟು ಇಳಿದದ್ದು ಕಂಡುಬಂದಿತು. 1995ರಲ್ಲಿ ಜರ್ಮನಿ ಇದಕ್ಕೆ ಅನುಮತಿ ನೀಡಿತು. ಆದರೆ ನಂತರದ ದೊಡ್ಡ ಪ್ರಯೋಗಗಳಲ್ಲಿ ಈ ಲಾಭ ದೃಢಪಡದ ಕಾರಣ ಔಷಧವು ಮಾರುಕಟ್ಟೆಯಿಂದ ಮರೆಯಾಯಿತು.

ಕ್ಯಾಟುಮ್ಯಾಕ್ಸೊಮ್ಯಾಬ್: ಒಂದು ತುದಿಯಿಂದ ಎಪ್‌ಕ್ಯಾಮನ್ನೂ ಮತ್ತೊಂದು ತುದಿಯಿಂದ ಟಿ-ಕೋಶವನ್ನೂ ಹಿಡಿಯುವ ಪ್ರತಿಕಾಯ. ಕ್ಯಾನ್ಸರಿನಿಂದ ಹೊಟ್ಟೆಯಲ್ಲಿ ನೀರು ತುಂಬುವ ಸ್ಥಿತಿಗೆ 2009ರಲ್ಲಿ ಯುರೋಪಿನಲ್ಲಿ ಅನುಮತಿ ಪಡೆಯಿತು. 2017ರಲ್ಲಿ ವಾಣಿಜ್ಯ ಕಾರಣಗಳಿಂದ ಹಿಂಪಡೆಯಲ್ಪಟ್ಟು, 2025ರಲ್ಲಿ ಮತ್ತೆ ಅನುಮತಿ ಪಡೆಯಿತು.

ಬೈವಾಟುಜುಮ್ಯಾಬ್ ಮೆರ್ಟಾನ್ಸಿನ್: ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ ಹೇರಳವಾಗಿ ಕಂಡುಬರುವ ಸಿಡಿ44ರ ಒಂದು ರೂಪದ ವಿರುದ್ಧ ವಿಷವಸ್ತುವನ್ನು ಜೋಡಿಸಿ ತಯಾರಿಸಿದ ಪ್ರತಿಕಾಯ. ಅದೇ ಅಣು ಆರೋಗ್ಯವಂತ ಚರ್ಮದಲ್ಲಿಯೂ ಇರುವುದರಿಂದ ತೀವ್ರ ಚರ್ಮಹಾನಿ ಉಂಟಾಗಿ ಒಬ್ಬ ರೋಗಿ ಮೃತಪಟ್ಟರು. ಪ್ರಯೋಗಗಳನ್ನು ಅಲ್ಲಿಗೇ ನಿಲ್ಲಿಸಲಾಯಿತು.

ಎನ್ಫೋರ್ಟುಮ್ಯಾಬ್ ವೆಡೋಟಿನ್: ನೆಕ್ಟಿನ್-4 ಎಂಬ ಅಂಟು ಅಣುವನ್ನು ಹಿಡಿದು ಕೋಶದೊಳಗೆ ವಿಷವಸ್ತುವನ್ನು ಬಿಡುಗಡೆ ಮಾಡುತ್ತದೆ. ಮುಂದುವರಿದ ಮೂತ್ರಕೋಶದ ಕ್ಯಾನ್ಸರಿಗೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಪೆಂಬ್ರೊಲಿಜುಮ್ಯಾಬ್ ಜೊತೆಗೆ ನೀಡಿದಾಗ ರೋಗಿಗಳ ಮಧ್ಯಮ ಬದುಕುಳಿಯುವ ಅವಧಿಯು 31.5 ತಿಂಗಳಾಗಿದ್ದು, ಕೇವಲ ಕೀಮೋಥೆರಪಿ ಪಡೆದವರಲ್ಲಿ ಅದು 16.1 ತಿಂಗಳಾಗಿತ್ತು.

ಮಿತಿಗಳು

ಅಂಟು ಅಣುಗಳು ಆರೋಗ್ಯವಂತ ಕೋಶಗಳಿಗೂ ಅಗತ್ಯವಾಗಿರುವುದರಿಂದ ಅಡ್ಡಪರಿಣಾಮಗಳ ಸಾಧ್ಯತೆ ಹೆಚ್ಚು. ನರರೋಗವಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಬಳಸುವ ನಟಾಲಿಜುಮ್ಯಾಬ್ ಒಂದು ಇಂಟೆಗ್ರಿನನ್ನು ತಡೆಯುತ್ತದೆ. ಅದರಿಂದ ಮಿದುಳಿಗೆ ರಕ್ಷಕ ಕೋಶಗಳ ಸಂಚಾರವೂ ಕುಂಠಿತಗೊಂಡು ಅಪಾಯಕಾರಿ ವೈರಾಣು ಸೋಂಕು ಕಂಡುಬಂದ ಕಾರಣ 2005ರಲ್ಲಿ ಮಾರಾಟ ಸ್ಥಗಿತಗೊಂಡಿತ್ತು. 2006ರಲ್ಲಿ ನಿರ್ಬಂಧಗಳೊಂದಿಗೆ ಅದು ಮರಳಿ ಬಂದಿತು. ಇದಲ್ಲದೆ, ಒಂದು ಅಣುವನ್ನು ತಡೆದಾಗ ಮತ್ತೊಂದು ಅದರ ಕೆಲಸವನ್ನು ವಹಿಸಿಕೊಳ್ಳಬಹುದು. ರೋಗ ಪತ್ತೆಯಾಗುವ ವೇಳೆಗೆ ಕೋಶಗಳು ಈಗಾಗಲೇ ಬೇರೆಡೆ ನೆಲೆಯೂರಿರುವುದೂ ಉಂಟು. ಅಂತಹ ಸಂದರ್ಭದಲ್ಲಿ ಅಂಟಿಕೊಳ್ಳುವುದನ್ನು ಮಾತ್ರ ತಡೆದರೆ ಪ್ರಯೋಜನ ಸೀಮಿತವಾಗುತ್ತದೆ.

ಕರ್ನಾಟಕದಲ್ಲಿ

ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2006ರಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ನಿಮೊಟುಜುಮ್ಯಾಬ್ ಎಂಬ ಪ್ರತಿಕಾಯವನ್ನು ಬಿಡುಗಡೆ ಮಾಡಿತು. ಇದರ ಗುರಿ ಅಂಟು ಅಣುವಲ್ಲ, ಕೋಶದ ಬೆಳವಣಿಗೆಯನ್ನು ಪ್ರಚೋದಿಸುವ ಗ್ರಾಹಕ. ಅದೇ ಸಂಸ್ಥೆ 2013ರಲ್ಲಿ ಬಿಡುಗಡೆ ಮಾಡಿದ ಇಟೊಲಿಜುಮ್ಯಾಬ್ ಟಿ-ಕೋಶಗಳ ಮೇಲಿನ ಸಿಡಿ6 ಅಣುವನ್ನು ಹಿಡಿದು, ಅದು ಆಲ್‌ಕ್ಯಾಮ್ ಎಂಬ ಅಂಟು ಅಣುವಿನೊಂದಿಗೆ ಬೆಸೆಯುವುದನ್ನು ತಡೆಯುತ್ತದೆ. ಇದಕ್ಕೆ ಅನುಮತಿ ದೊರೆತದ್ದು ಸೋರಿಯಾಸಿಸ್ ಎಂಬ ಚರ್ಮರೋಗದ ಚಿಕಿತ್ಸೆಗಾಗಿ.

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳಂತಹ ಗ್ರಾಮೀಣ ಪ್ರದೇಶಗಳಿಗೆ ಹರಡುವಿಕೆಯ ಪ್ರಶ್ನೆ ಬಾಯಿಯ ಕ್ಯಾನ್ಸರಿನ ಮೂಲಕ ಹತ್ತಿರವಾಗುತ್ತದೆ. ಸವಣೂರು ವೀಳ್ಯದೆಲೆಗೆ ಹೆಸರಾದ ಊರು. ಆದರೆ ಎಲೆಯೊಂದಿಗೆ ಜಗಿಯುವ ತಂಬಾಕು ಮತ್ತು ಅಡಿಕೆ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಕ್ಯಾನ್ಸರ್‌ಕಾರಕಗಳೆಂದು ವರ್ಗೀಕರಿಸಿದೆ. ಕರ್ನಾಟಕ ಸರ್ಕಾರವು 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು.

ಬಾಯಿಯ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹರಡುತ್ತದೆ. ಅಲ್ಲಿ ಅದನ್ನು ತಡೆಯಲು ಸದ್ಯ ಬಳಕೆಯಲ್ಲಿರುವ ಮುಖ್ಯ ಸಾಧನ ಶಸ್ತ್ರಚಿಕಿತ್ಸೆ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆರಂಭಿಕ ಹಂತದಲ್ಲಿಯೇ ಗಡ್ಡೆಯ ಜೊತೆಗೆ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದ ರೋಗಿಗಳಲ್ಲಿ 3 ವರ್ಷಗಳ ನಂತರ ಶೇ. 80ರಷ್ಟು ಜನರು ಬದುಕುಳಿದಿದ್ದರು. ಗ್ರಂಥಿಗಳಲ್ಲಿ ರೋಗ ಕಾಣಿಸಿಕೊಂಡ ಮೇಲೆ ತೆಗೆದವರ ಗುಂಪಿನಲ್ಲಿ ಈ ಪ್ರಮಾಣ ಶೇ. 67.5 ಆಗಿತ್ತು.

ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆ ಹಾಗೂ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗಳು ಈ ಭಾಗದ ರೋಗಿಗಳಿಗೆ ಲಭ್ಯವಿರುವ ವಿಶೇಷ ಚಿಕಿತ್ಸಾ ಕೇಂದ್ರಗಳಲ್ಲಿ ಸೇರಿವೆ. ಎರಡು-ಮೂರು ವಾರಗಳಾದರೂ ಮಾಯದ ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಕಷ್ಟವಾಗುವುದು ಮತ್ತು ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಳ್ಳುವುದು ತಡಮಾಡದೆ ತಪಾಸಣೆಗೆ ಒಳಪಡಬೇಕಾದ ಲಕ್ಷಣಗಳಾಗಿವೆ.

ರೋಗಪತ್ತೆಯಲ್ಲಿ ಬಳಕೆ

ಅಂಟು ಅಣುಗಳ ವಿರುದ್ಧದ ಪ್ರತಿಕಾಯಗಳು ಪರೀಕ್ಷೆಗಳಲ್ಲಿಯೂ ಉಪಯುಕ್ತವಾಗಿವೆ. ರಕ್ತದಲ್ಲಿ ಸಂಚರಿಸುವ ಕ್ಯಾನ್ಸರ್ ಕೋಶಗಳನ್ನು ಎಪ್‌ಕ್ಯಾಮ್ ಪ್ರತಿಕಾಯ ಲೇಪಿತ ಕಾಂತೀಯ ಕಣಗಳಿಂದ ಹಿಡಿದು ಎಣಿಸುವ ಸೆಲ್‌ಸರ್ಚ್ ಪರೀಕ್ಷೆಗೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಹರಡಿದ ಸ್ತನ ಕ್ಯಾನ್ಸರಿನ ಮುನ್ಸೂಚನೆ ತಿಳಿಯಲು ಇದನ್ನು ಬಳಸಲಾಗುತ್ತದೆ.